ಗುರಿ ತಪ್ಪಿಸಿದ್ದು ಯಾರು?

ಹಲಸಿನ ಹಪ್ಪಳ, ನಿಂಬೆ ಉಪ್ಪಿನಕಾಯಿ, ಕೂದಲು ಉದುರುವುದಕ್ಕೆ ಮದ್ದು, ಇವುಗಳ ನಡುವೆ ಕೋವಿಯ ಸಮಾಚಾರ ಬರೆಯಲು ಕೂತರೆ "ಇದೇನಪ್ಪಾ ಈ ಹೆಂಗಸು!" ಎಂದು ನೀವು ಹುಬ್ಬೇರಿಸುತ್ತೀರೇನೋ. ಏರಿಸಿ, ಪರವಾಗಿಲ್ಲ. ಆದರೆ ಪುಟ ಮಾತ್ರ ತಿರುವಬೇಡಿ. ನಿಮ್ಮ ಮನೆಯಲ್ಲಿ ಕೋವಿ ಇಲ್ಲದಿರಬಹುದು, ಬೆಳೆಯುತ್ತಿರುವ ಮಗಳಂತೂ ಇರಬಹುದಲ್ಲ. ನಾನು ಹೇಳಹೊರಟಿರುವುದು ಇಬ್ಬರ ವಿಷಯವೂ ಹೌದು.

ನಮ್ಮದು ಕೊಡಗು. ಮನೆಯಲ್ಲಿ ಆಡುವುದು ಕೊಡವ ತಕ್ಕ್, ಶಾಲೆಯಲ್ಲಿ ಎಸ್.ಎಸ್.ಎಲ್.ಸಿ.ವರೆಗೆ ಕಲಿತದ್ದು ಕನ್ನಡ. ನಿಮ್ಮ ಕಡೆ ಆಯುಧಪೂಜೆಯ ದಿನ ಹೊಲಿಗೆ ಯಂತ್ರಕ್ಕೆ, ಸೈಕಲ್ಲಿಗೆ ಕುಂಕುಮ ಹಚ್ಚುತ್ತೀರಲ್ಲ, ಹಾಗೆ ನಮ್ಮಲ್ಲಿ ಸೆಪ್ಟೆಂಬರ್ ಮೊದಲ ವಾರ ಕೈಲ್ ಪೊಳ್ದ್ ಹಬ್ಬ. ಅಂದು ಕೋವಿ, ಕತ್ತಿಗಳನ್ನೆಲ್ಲ ಒರೆಸಿ ಸಾಲಾಗಿಟ್ಟು ಪೂಜೆ ಮಾಡಿ, ತೋಕ್ ಪೂ ಎಂಬ ಕೆಂಪು ಹಳದಿ ಹೂವನ್ನು ನಳಿಗೆಯ ಬಾಯಿಗೆ ಸಿಕ್ಕಿಸುತ್ತೇವೆ. ಕಡಂಬುಟ್ಟು, ಪಂದಿ ಕರಿ ಊಟವಾದ ಮೇಲೆ ಊರ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಹೆಂಗಸರೂ ಸೆರಗು ಸಿಕ್ಕಿಸಿಕೊಂಡು ಹೊಡೆಯುತ್ತಾರೆ. ಕೊಡವರಿಗೆ ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಳ್ಳುವ ರಿಯಾಯಿತಿ ಬ್ರಿಟಿಷರ ಕಾಲದಿಂದ ನಡೆದುಬಂದದ್ದು. 2019ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಅದನ್ನು ಇನ್ನು 10 ವರ್ಷ, ಅಂದರೆ 2029ರವರೆಗೆ ಮುಂದುವರಿಸಿದೆ.

ಇನ್ನೊಂದು ಪದ್ಧತಿಯನ್ನೂ ಹೇಳಿಬಿಡುತ್ತೇನೆ. ನಮ್ಮಲ್ಲಿ ಗಂಡು ಮಗು ಹುಟ್ಟಿದರೆ ಅಂಗಳದಲ್ಲಿ ನಿಂತು ಒಂದು ಗುಂಡು ಹಾರಿಸುವುದು ಸಂಪ್ರದಾಯ. ಯಾರಾದರೂ ತೀರಿಕೊಂಡರೆ ಎರಡು. ಹೆಣ್ಣು ಮಗು ಹುಟ್ಟಿದರೆ ಮಾತ್ರ ಕೋವಿ ಸುಮ್ಮನೆ ಗೋಡೆಯ ಮೇಲೇ ಇರುತ್ತದೆ. ನನ್ನ ಮಗಳು ಹುಟ್ಟಿದಾಗಲೂ ಅದು ಸುಮ್ಮನೇ ಇತ್ತು. ದೂರಲಿಕ್ಕೆ ಹೇಳುತ್ತಿಲ್ಲ, ಮುಂದಿನ ಕತೆಗೆ ಬೇಕು ಅಂತ ಹೇಳಿದೆ, ಅಷ್ಟೆ.

ಆ ಮಗಳು ಎರಡನೇ ಪಿಯುಸಿ ಪರೀಕ್ಷೆ ಮುಗಿಸಿ ಕೂತಿದ್ದ ಏಪ್ರಿಲ್ ತಿಂಗಳು. ಕಾಫಿ ಒಣಗಿಸುವ ಕೆಲಸ ಮುಗಿದು ಕಣ ಖಾಲಿಯಾಗಿತ್ತು. ನಮ್ಮ ಭಾವನವರು, ಅಂದರೆ ಯಜಮಾನರ ಅಣ್ಣ, ಮನೆಯ ಮಕ್ಕಳೆಲ್ಲ ಕಲಿಯಲಿ ಅಂತ ಒಂದು ಏರ್‌ಗನ್ ತಂದುಕೊಟ್ಟಿದ್ದರು. ನಳಿಗೆಯನ್ನು ನಡುವಿಗೆ ಮಡಚಿ, 4.5 ಮಿಲಿಮೀಟರಿನ ಸೀಸದ ಗುಂಡು ಇಟ್ಟು ಹೊಡೆಯುವ ಸ್ಪ್ರಿಂಗಿನ ಕೋವಿ. ಅದರ ತಲೆಯ ಮೇಲೆ ಒಂದು ಸ್ಕೋಪು, ನಮ್ಮತ್ತೆಯವರ ಮಾತಿನಲ್ಲಿ ದುರ್ಬೀನು. ಅದರೊಳಗೆ ನೋಡಿದರೆ ಅಡ್ಡಗೆರೆ, ಉದ್ದಗೆರೆ ಕೂಡಿ ಒಂದು ಕೂಡುಗೆರೆ ಕಾಣುತ್ತದೆ. ಆ ಕೂಡುಗೆರೆ ಎಲ್ಲಿ ಕೂರುತ್ತದೋ ಗುಂಡು ಅಲ್ಲೇ ಬೀಳುವ ಹಾಗೆ ಎರಡು ತಿರುಪುಗಳನ್ನು ಹೊಂದಿಸಬೇಕು. ಇದಕ್ಕೆ ಝೀರೋ ಮಾಡುವುದು ಅನ್ನುತ್ತಾರೆ. ಅಂಗಡಿಯವನು ಸಕ್ಕರೆ ತೂಗುವ ಮೊದಲು ತಕ್ಕಡಿಯ ಮುಳ್ಳು ನೆಟ್ಟಗೆ ನಿಂತಿದೆಯೋ ಎಂದು ನಾವು ಕಣ್ಣು ಕೀಲಿಸಿ ನೋಡುತ್ತೇವಲ್ಲ, ಅದೇ ಲೆಕ್ಕ. ಮುಳ್ಳು ನೆಟ್ಟಗಿಲ್ಲದ ತಕ್ಕಡಿಯಲ್ಲಿ ತೂಗಿದವನು ಎಷ್ಟು ಪ್ರಾಮಾಣಿಕನಾದರೇನು?

ನಮ್ಮ ಕೋವಿಯ ಮುಳ್ಳು ನಿಲ್ಲುತ್ತಿರಲಿಲ್ಲ. 15 ಮೀಟರು ದೂರದಲ್ಲಿ ಮಣ್ಣಿನ ಬರೆಗೆ ಒರಗಿಸಿದ ರಟ್ಟು, ಅದರ ಮೇಲೆ ಕಾಫಿ ಲೋಟದ ತಳ ಇಟ್ಟು ಬರೆದ ವೃತ್ತ. ಬೆಳಿಗ್ಗೆ ಹೊಂದಿಸಿದರೆ ಐದು ಗುಂಡು ವೃತ್ತದೊಳಗೆ. ಮಧ್ಯಾಹ್ನ ಹೊಡೆದರೆ ಎರಡಂಗುಲ ಬಲಕ್ಕೆ. ತಿರುಪು ತಿರುಗಿಸಿ ಸರಿ ಮಾಡಿದರೆ ಸಂಜೆ ಎರಡಂಗುಲ ಕೆಳಕ್ಕೆ. ಹುಡುಗಿ ದಿನಕ್ಕೆ ನಾಲ್ಕು ಸಲ ತಿರುಪುತ್ತಾಳೆ, ಗುಂಡು ನಾಲ್ಕು ದಿಕ್ಕಿಗೆ ಹೋಗುತ್ತದೆ.

ಮನೆಯಲ್ಲಿ ತೀರ್ಪು ಬರಲು ತಡವಾಗಲಿಲ್ಲ. "ಕೈ ನಡುಗುತ್ತದೆ" ಎಂದರು ಭಾವನವರು. "ಕಣ್ಣಿನಲ್ಲೇ ದೋಷವಿರಬೇಕು" ಎಂದು ಇವರು ಮಡಿಕೇರಿಗೆ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಪರೀಕ್ಷಿಸಿ, ಕಣ್ಣು ಚೆನ್ನಾಗಿದೆ, ಕನ್ನಡಕ ಬೇಡ ಎಂದು ಕಳಿಸಿದರು. ಕಣ್ಣೂ ಸರಿಯಿದೆ ಎಂದಮೇಲೆ ಉಳಿದದ್ದು ಹುಡುಗಿಯೇ ತಾನೆ? "ಹೆಣ್ಣುಮಕ್ಕಳಿಗೆ ಇದೆಲ್ಲ ಒಗ್ಗುವುದಿಲ್ಲ. ನನ್ನ ಮಗನಿಗಾದರೂ ಕೊಡಿ, ಅವನು ಉಪಯೋಗಿಸಲಿ" ಎಂದುಬಿಟ್ಟರು ಭಾವನವರು. ಒಳ್ಳೆಯವರೇ, ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಆ ರಾತ್ರಿ ಪಾತ್ರೆ ತೊಳೆಯುವಾಗ ಮಗಳು ಪಕ್ಕಕ್ಕೆ ಬಂದು ನಿಂತು, "ಅವ್ವ, ನನ್ನ ಕೈಯಲ್ಲಿ ಏನೂ ಆಗೋದಿಲ್ಲ ಅಲ್ವಾ?" ಎಂದಳು. ಕೋವಿಯ ಮಾತು ಅದಾಗಿರಲಿಲ್ಲ. ಮುಂದಿನ ಕಾಲೇಜು, ಕೆಲಸ, ಬದುಕು ಎಲ್ಲವನ್ನೂ ಸೇರಿಸಿ ಕೇಳಿದ ಪ್ರಶ್ನೆ ಎಂದು ನನಗೆ ಕೇಳಿಸಿತು.

ಸೋದರಿಯರೇ, ನನಗೆ ಯಂತ್ರಶಾಸ್ತ್ರ ಗೊತ್ತಿಲ್ಲ. ಆದರೆ ಇಪ್ಪತ್ತು ವರ್ಷದಿಂದ ಹೊಲಿಗೆ ಯಂತ್ರ ತುಳಿಯುತ್ತಿದ್ದೇನೆ. ಹೊಲಿಗೆ ತಪ್ಪಿದರೆ ಮೊದಲು ಸೂಜಿ ನೋಡಬೇಕು, ಆಮೇಲೆ ದಾರದ ಬಿಗಿ, ಆಮೇಲೆ ಬಾಬಿನ್ನು. ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ಕಳ್ಳ ಯಾರೆಂದು ಎಂದಿಗೂ ಗೊತ್ತಾಗುವುದಿಲ್ಲ. ಅದೇ ವಿದ್ಯೆಯನ್ನು ಇಲ್ಲೂ ಹಿಡಿಯೋಣ ಎಂದೆ. ಮಗಳ ಹಳೆಯ ನೋಟುಬುಕ್ಕಿನ ಖಾಲಿ ಹಾಳೆ ತೆಗೆದು ಎರಡು ನಿಯಮ ಬರೆದೆವು. ಒಂದು, ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು, ಒಂದು ಗುಂಡಿನ ಸಾಕ್ಷಿ ಸಾಕ್ಷಿಯಲ್ಲ. ಪ್ರತಿಸಲ ಐದು ಗುಂಡು ಹೊಡೆದು, ಗುಂಪು ಎಲ್ಲಿ ಬಿತ್ತು, ಎಷ್ಟು ಹರಡಿತು ಎಂದು ಬರೆಯಬೇಕು. ಅಲ್ಲಿಯವರೆಗೆ ತಿರುಪು ಮುಟ್ಟುವ ಹಾಗಿಲ್ಲ.

ಮೊದಲ ದಿನ ಕೋವಿಯ ಮರದ ಹಿಡಿಯನ್ನು ಕಬ್ಬಿಣಕ್ಕೆ ಕಟ್ಟಿಹಾಕುವ ಸ್ಕ್ರೂಗಳನ್ನು ನೋಡಿದೆವು. ಸ್ಪ್ರಿಂಗಿನ ಕೋವಿ ಹೊಡೆದಾಗಲೆಲ್ಲ ಒದರಾಡುವುದರಿಂದ ಇವು ತಾವಾಗಿಯೇ ಸಡಿಲವಾಗುತ್ತವಂತೆ. ಮುಂದಿನ ಒಂದು ಸ್ಕ್ರೂ ಅರ್ಧ ಸುತ್ತು ಸಡಿಲವಿತ್ತು. ಬಿಗಿ ಮಾಡಿ ಹೊಡೆದರೆ ಗುಂಪು ಸ್ವಲ್ಪ ಚಿಕ್ಕದಾಯಿತು, ಅಲೆಯುವುದು ನಿಲ್ಲಲಿಲ್ಲ.

ಎರಡನೇ ದಿನ ಸ್ಕೋಪನ್ನು ಹಿಡಿದಿಡುವ ಉಂಗುರಗಳು. ಇವು ಕೋವಿಯ ಬೆನ್ನ ಮೇಲಿನ ಗಾಡಿಯನ್ನು ಕಚ್ಚಿ ಹಿಡಿದಿರುತ್ತವೆ. ಬಿಚ್ಚಿ, ಎಣ್ಣೆ ಜಿಡ್ಡನ್ನೆಲ್ಲ ಸ್ಪಿರಿಟಿನಿಂದ ಒರೆಸಿ, ಮತ್ತೆ ಕೂರಿಸಿ, ಸ್ಕ್ರೂಗಳನ್ನು ಒಂದಾದ ಮೇಲೆ ಒಂದರಂತೆ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆವು. ಒಂದೇ ಕಡೆ ಪೂರ್ತಿ ಬಿಗಿದರೆ ಸ್ಕೋಪಿನ ಕೊಳವೆ ಸೊಟ್ಟಗಾದೀತು. ಆಮೇಲೆ ನನ್ನ ಬುದ್ಧಿಯೊಂದು ಓಡಿತು. ಮಗಳ ನೈಲ್ ಪಾಲಿಶ್ ತಂದು ಉಂಗುರ, ಗಾಡಿ ಎರಡಕ್ಕೂ ತಾಗುವ ಹಾಗೆ ಒಂದು ಸಣ್ಣ ಗೆರೆ ಎಳೆದೆ. ಸ್ಕ್ರೂ ತಲೆಗಳ ಮೇಲೂ ಎಳೆದೆ. ಏನಾದರೂ ಜರುಗಿದರೆ ಗೆರೆ ಒಡೆಯಬೇಕು. ಇಪ್ಪತ್ತು ಗುಂಡಾದ ಮೇಲೆ ನೋಡುತ್ತೇವೆ, ಗಾಡಿಯ ಮೇಲಿನ ಗೆರೆ ಬಿರುಕು ಬಿಟ್ಟಿದೆ! ಇಡೀ ಸ್ಕೋಪು ಒಂದು ಕೂದಲೆಳೆಯಷ್ಟು ಹಿಂದಕ್ಕೆ ಸರಿದಿತ್ತು. ಉಂಗುರದ ಕೆಳಗೆ ಒಂದು ಪುಟ್ಟ ಮೊಳೆ ಇರುತ್ತದೆ, ಅದು ಗಾಡಿಯ ಮೇಲಿನ ತೂತಿನಲ್ಲಿ ಕೂತು ಸ್ಕೋಪು ಜಾರದಂತೆ ತಡೆಯಬೇಕು. ನಮ್ಮದರಲ್ಲಿ ಅದು ತೂತಿನ ಪಕ್ಕದಲ್ಲಿ ಕೂತಿತ್ತು. ಸರಿಮಾಡಿದೆವು. ಬಲಕ್ಕೆ ಹೋಗುವುದು ಕಡಿಮೆಯಾಯಿತು, ಮೇಲೆ ಕೆಳಗೆ ಆಡುವುದು ಹಾಗೇ ಉಳಿಯಿತು.

ಮೂರನೇ ದಿನ ನಾನೆಂದೆ, "ದುರ್ಬೀನನ್ನೇ ತೆಗೆದುಬಿಡು ಮಗಳೇ. ಕೋವಿಗೆ ಅದರದ್ದೇ ಮುಂದಿನ ಗುರಿ, ಹಿಂದಿನ ಗುರಿ ಇದೆಯಲ್ಲ, ಅದರಲ್ಲಿ ಹೊಡಿ. ಯಾರೂ ನೋಡುವುದಿಲ್ಲ, ನಾನೂ ಒಳಗೆ ಹೋಗುತ್ತೇನೆ." ಹೀಗೆ ಹೇಳಲು ಕಾರಣವಿತ್ತು. ಸ್ಪ್ರಿಂಗಿನ ಕೋವಿಯನ್ನು ಬಿಗಿಯಾಗಿ ಹಿಡಿದರೆ ಅದರ ಒದರಾಟ ಪ್ರತಿಸಲ ಬೇರೆ ಬೇರೆ ಕಡೆಗೆ ತಿರುಗಿ ಗುಂಡು ಹರಡುತ್ತದೆ. ಅಂಗೈ ಬಿಚ್ಚಿ, ಅದರ ಮೇಲೆ ಮಗುವನ್ನು ಮಲಗಿಸಿದಂತೆ ಹಗುರವಾಗಿ, ದಿನವೂ ಅದೇ ಜಾಗದಲ್ಲಿ ಇಟ್ಟುಕೊಳ್ಳಬೇಕು. ನಮ್ಮ ಹುಡುಗಿಗೆ ಮನೆಯವರು ಬೈದಷ್ಟೂ ಹಿಡಿತ ಬಿಗಿಯಾಗುತ್ತಿತ್ತು. ಹಿಡಿತ ಬಿಗಿಯಾದಷ್ಟೂ ಗುಂಡು ಚದುರುತ್ತಿತ್ತು. ಗುಂಡು ಚದುರಿದ್ದಕ್ಕೆ ಮತ್ತೆ ಬೈಗುಳ. ಈ ಗಾಣದ ಸುತ್ತು ನಿಮಗೂ ಗೊತ್ತಿರುತ್ತದೆ. ಹೊಸ ಸೊಸೆಯ ಹಿಂದೆ ನಿಂತು "ಸಾರು ಹುಳಿ, ಸಾರು ಹುಳಿ" ಅನ್ನುತ್ತಿದ್ದರೆ ಮರುದಿನ ಉಪ್ಪೇ ಮರೆತುಹೋಗುತ್ತದೆ.

ಒಳಗೆ ಅಕ್ಕಿ ಆರಿಸುತ್ತಾ ಕೂತಿದ್ದೆ. ಟಪ್, ಟಪ್ ಎಂದು ಐದು ಸದ್ದು ಕೇಳಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಐದು. ಆಮೇಲೆ ಮಗಳು ರಟ್ಟು ಹಿಡಿದು ಒಳಗೆ ಬಂದಳು, ಮಾತಾಡಲಿಲ್ಲ. ಹತ್ತು ತೂತುಗಳನ್ನೂ ಒಂದು ರೂಪಾಯಿ ನಾಣ್ಯದಿಂದ ಮುಚ್ಚಬಹುದಿತ್ತು. ಅವಳು ನಾಣ್ಯವನ್ನು ಇಟ್ಟು ತೋರಿಸಿದಳು, ತೆಗೆದಳು, ಮತ್ತೆ ಇಟ್ಟಳು. ಕೈ ನಡುಗುತ್ತಿರಲಿಲ್ಲ.

ಹಾಗಾದರೆ ಕೋವಿಯೂ ನಿರಪರಾಧಿ, ಹುಡುಗಿಯೂ ನಿರಪರಾಧಿ. ಉಳಿದದ್ದು ದುರ್ಬೀನು. ನಮ್ಮ ಪಟ್ಟಣದಲ್ಲಿ ಕೋವಿ ರಿಪೇರಿ ಮಾಡುವ ವಯಸ್ಸಾದವರೊಬ್ಬರಿದ್ದಾರೆ. ನೋಟುಬುಕ್ಕು, ಸ್ಕೋಪು ಎರಡನ್ನೂ ತೆಗೆದುಕೊಂಡು ಅಮ್ಮ ಮಗಳು ಅವರ ಹತ್ತಿರ ಹೋದೆವು. ನೋಟುಬುಕ್ಕು ನೋಡಿ ಅವರು "ಅರ್ಧ ಕೆಲಸ ನೀವೇ ಮಾಡಿದ್ದೀರಲ್ಲಮ್ಮ" ಎಂದು, ಉಳಿದರ್ಧವನ್ನು ನಮಗೆ ಅರ್ಥವಾಗುವ ಹಾಗೆ ಬಿಡಿಸಿ ಹೇಳಿದರು.

ಸ್ಕೋಪಿನ ದೊಡ್ಡ ಕೊಳವೆಯೊಳಗೆ ಒಂದು ಸಣ್ಣ ಕೊಳವೆ ಇರುತ್ತದೆ. ತಿರುಪು ಅದನ್ನು ಒಂದು ಕಡೆಯಿಂದ ಒತ್ತುತ್ತದೆ, ಎದುರುಗಡೆಯಿಂದ ಒಂದು ಸಣ್ಣ ಸ್ಪ್ರಿಂಗು ತಳ್ಳುತ್ತದೆ. ಎರಡರ ನಡುವೆ ಸಿಕ್ಕಿ ಅದು ಅಲ್ಲಾಡದೆ ನಿಲ್ಲಬೇಕು. ತಿರುಪನ್ನು ಮೇಲುಗಡೆಗೆ ಕೊನೆಯವರೆಗೂ ತಿರುಗಿಸಿಬಿಟ್ಟರೆ ಸ್ಪ್ರಿಂಗು ಚಾಚಿಕೊಂಡು ಅದರ ಒತ್ತಡ ಕಡಿಮೆಯಾಗುತ್ತದೆ. ಆಗ ಪ್ರತಿ ಗುಂಡಿನ ಒದರಾಟಕ್ಕೂ ಒಳಗಿನ ಕೊಳವೆ ಒಂದಿಷ್ಟು ಆಡಿ ಬೇರೆ ಜಾಗದಲ್ಲಿ ಕೂರುತ್ತದೆ. ಸವೆದ ಎಲಾಸ್ಟಿಕ್ಕಿನ ಲಂಗದ ಹಾಗೆ ಎನ್ನಿ! ಅದೂ ಅಲ್ಲದೆ, ಮದ್ದಿನ ಕೋವಿ ಹಿಂದಕ್ಕೆ ಮಾತ್ರ ಒದೆಯುತ್ತದೆ. ಸ್ಪ್ರಿಂಗಿನ ಏರ್‌ಗನ್ನು ಮೊದಲು ಹಿಂದಕ್ಕೆ, ತಕ್ಷಣ ಮುಂದಕ್ಕೆ, ಎರಡು ಕಡೆಗೂ ಜಗ್ಗುತ್ತದೆ. ದೊಡ್ಡ ಕೋವಿಗೆಂದು ಮಾಡಿದ ಎಷ್ಟೋ ಸ್ಕೋಪುಗಳು ಪುಟ್ಟ ಏರ್‌ಗನ್ನಿನ ಮೇಲೆ ಒಡೆದುಹೋಗುವುದು ಇದೇ ಕಾರಣಕ್ಕೆ. ಕೊಳ್ಳುವಾಗಲೇ ಏರ್‌ಗನ್ನಿಗೆ ತಡೆಯುವಂಥದ್ದೇ ಎಂದು ಕೇಳಿ ತೆಗೆದುಕೊಳ್ಳಬೇಕು. ನಮ್ಮದು ಪುಣ್ಯಕ್ಕೆ ಅಂಥದ್ದೇ ಆಗಿತ್ತು.

ಆದರೆ ಅದರ ತಿರುಪು ಕೊನೆ ಮುಟ್ಟಿದ್ದೇಕೆ? ನಡುವಿಗೆ ಮಡಚುವ ಕೋವಿಗಳ ನಳಿಗೆ ಅನೇಕ ಸಲ ತುದಿಯಲ್ಲಿ ಸ್ವಲ್ಪ ಕೆಳಕ್ಕೆ ಬಾಗಿಕೊಂಡಿರುತ್ತದೆ. ಗುಂಡು ಕೆಳಗೆ ಬೀಳುತ್ತದೆ, ನಾವು ತಿರುಪನ್ನು ಮೇಲಕ್ಕೆ, ಮೇಲಕ್ಕೆ ತಿರುಗಿಸುತ್ತಲೇ ಹೋಗುತ್ತೇವೆ. ಅವರು ನಮ್ಮ ಎದುರಿಗೇ ಎಣಿಸಿದರು. ಈ ತುದಿಯಿಂದ ಆ ತುದಿಗೆ 240 ಕ್ಲಿಕ್ಕು. ನಮ್ಮ ತಿರುಪು ನಿಂತಿದ್ದದ್ದು ಮೇಲಿನ ಕೊನೆಗೆ ಇನ್ನು 10 ಕ್ಲಿಕ್ಕು ಇರುವಾಗ. ಹುಡುಗಿ ಹೋಗಿ ಹೋಗಿ ಕೊನೆಯ ಮೆಟ್ಟಿಲ ಮೇಲೆ ನಿಂತಿದ್ದಳು, ಅಲ್ಲಿ ಹಿಡಿದುಕೊಳ್ಳಲು ಏನೂ ಇರಲಿಲ್ಲ.

ಮದ್ದು ಕೇಳಿದರೆ ನೀವು ನಗುತ್ತೀರಿ. ಹೊಸ ಸ್ಕೋಪು ಬೇಕಾಗಲಿಲ್ಲ. ಹಿಂದಿನ ಉಂಗುರದೊಳಗೆ, ಸ್ಕೋಪಿನ ಅಡಿಗೆ, ತೆಳುವಾದ ಏನನ್ನಾದರೂ ಇಟ್ಟು ಅದರ ಹಿಂಭಾಗವನ್ನು ಚೂರು ಎತ್ತಬೇಕು. ಆಗ ಸ್ಕೋಪು ಮುಂದಕ್ಕೆ ಬಾಗಿ ಬಾಗಿದ ನಳಿಗೆಗೆ ಜೊತೆಯಾಗುತ್ತದೆ, ತಿರುಪನ್ನು ನಡುವಿನ ಕಡೆಗೆ ವಾಪಸು ತರಬಹುದು. "ಹಳೆಯ ಫೋಟೋ ನೆಗೆಟಿವ್ ಇದ್ದರೆ ಒಳ್ಳೆಯದು" ಎಂದರು. ನಮ್ಮ ಮದುವೆಯ ನೆಗೆಟಿವ್‌ಗಳು ಟ್ರಂಕಿನಲ್ಲಿದ್ದವು. ಯಾರ ಮುಖವೂ ಸರಿಯಾಗಿ ಬೀಳದ ಒಂದು ಪಟ್ಟಿ ಹುಡುಕಿ ಉಂಗುರದ ಅಗಲಕ್ಕೆ ಕತ್ತರಿಸಿ ಮೂರು ಪದರ ಇಟ್ಟೆವು. ತಿರುಪು 60 ಕ್ಲಿಕ್ಕಿನಷ್ಟು ಕೆಳಗೆ ಬಂತು. 15 ಮೀಟರಿಗೆ ನಮ್ಮ ಸ್ಕೋಪಿನಲ್ಲಿ ಒಂದು ಕ್ಲಿಕ್ಕೆಂದರೆ ಸುಮಾರು 1 ಮಿಲಿಮೀಟರು. ತೀರಾ ನಡುವಿಗೆ ಬರದಿದ್ದರೂ ಸ್ಪ್ರಿಂಗಿಗೆ ಬಲ ಬಂತು. ಇನ್ನೂ ಹೆಚ್ಚು ಪದರ ತುರುಕಿದರೆ ಕೊಳವೆಯೇ ಬಾಗುವ ಭಯವಿದೆ, ಅಲ್ಲಿಗೇ ನಿಲ್ಲಿಸಿ ಎಂದಿದ್ದರು.

ಆಮೇಲೆ ಹತ್ತು ದಿನ ನಾವು ತಿರುಪು ಮುಟ್ಟಲಿಲ್ಲ. ಬೆಳಿಗ್ಗೆ, ಮಧ್ಯಾಹ್ನ, ಹೂಮಳೆ ಬಂದು ನಿಂತ ಸಂಜೆ, ಯಾವಾಗ ಹೊಡೆದರೂ ಐದು ಗುಂಡು ಒಂದೇ ಕಡೆ. ರಟ್ಟುಗಳಿಗೆಲ್ಲ ತಾರೀಖು ಹಾಕಿ ಮಗಳು ಊಟದ ಕೋಣೆಯ ಗೋಡೆಗೆ ಅಂಟಿಸಿದಳು, ಯಾರಿಗೂ ಏನೂ ಹೇಳಲಿಲ್ಲ. ಭಾನುವಾರ ಊಟಕ್ಕೆ ಬಂದ ಭಾವನವರು ಒಂದೊಂದೇ ನೋಡಿ, ಕೈ ತೊಳೆದುಕೊಂಡು ಬಂದು ಮತ್ತೊಮ್ಮೆ ನೋಡಿದರು. "ಯಾರು ಹೊಡೆದದ್ದು?" ಎಂದರು. "ನಾನೇ ದೊಡ್ಡಪ್ಪ" ಎಂದಳು. "ನನ್ನ ಮಗನಿಗೂ ಸ್ವಲ್ಪ ಹೇಳಿಕೊಡು ಹಾಗಾದರೆ" ಎಂದು ರೊಟ್ಟಿಗೆ ಕೈ ಹಾಕಿದರು. ಇದಕ್ಕಿಂತ ಹೆಚ್ಚಿನ ಮಾತನ್ನು ನಮ್ಮ ಮನೆಯ ಗಂಡಸರಿಂದ ನಿರೀಕ್ಷಿಸಬಾರದು.

ಮನು ಭಾಕರ್ ಹೆಸರು ನೀವೂ ಕೇಳಿರುತ್ತೀರಿ. 2021ರ ಜುಲೈನಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ 10 ಮೀಟರ್ ಏರ್ ಪಿಸ್ತೂಲಿನ ಅರ್ಹತಾ ಸುತ್ತಿನ ನಡುವೆ ಆಕೆಯ ಪಿಸ್ತೂಲು ಕೆಟ್ಟಿತು. ಸರಿಪಡಿಸಿಕೊಂಡು ಬರುವಷ್ಟರಲ್ಲಿ ಅಮೂಲ್ಯ ನಿಮಿಷಗಳು ಹೋದವು, ಫೈನಲ್ ತಪ್ಪಿತು. ಅಂದು ಆಕೆ ಹತ್ತೊಂಬತ್ತು ವರ್ಷದ ಹುಡುಗಿ. "ಇನ್ನು ಸಾಕು" ಎಂದು ಕೋವಿ ಕೆಳಗಿಟ್ಟಿದ್ದರೆ ಯಾರು ಬೇಡ ಅನ್ನುತ್ತಿದ್ದರು? 2024ರಲ್ಲಿ ಪ್ಯಾರಿಸ್‌ನಲ್ಲಿ ಅದೇ 10 ಮೀಟರಿನಲ್ಲಿ ಕಂಚು ಗೆದ್ದು, ಒಲಿಂಪಿಕ್ಸ್ ಶೂಟಿಂಗ್‌ನಲ್ಲಿ ಪದಕ ತಂದ ಭಾರತದ ಮೊದಲ ಮಹಿಳೆಯಾದರು. ಮಿಶ್ರ ತಂಡದಲ್ಲಿ ಸರಬ್ಜೋತ್ ಸಿಂಗ್ ಜೊತೆ ಇನ್ನೊಂದು ಕಂಚು ಬೇರೆ. ಕೆಟ್ಟದ್ದು ಪಿಸ್ತೂಲು, ತಾನಲ್ಲ ಎಂದು ತಿಳಿದಿದ್ದವರಿಗೆ ಮಾತ್ರ ಮೂರು ವರ್ಷ ಕಾಯುವ ತ್ರಾಣ ಇರುತ್ತದೆ ಎಂದು ನನಗನ್ನಿಸುತ್ತದೆ.

ಮನೆಯಲ್ಲಿ ಏರ್‌ಗನ್ ಇರುವ ಸೋದರಿಯರಿಗೆ ನಾಲ್ಕು ಮಾತು. ಅದು ಆಟಿಕೆಯಲ್ಲ. ಹಿಂದೆ ಮಣ್ಣಿನ ಬರೆ ಇರುವ ಕಡೆಗೆ ಮಾತ್ರ ಹೊಡೆಯಲಿ, ಕಲ್ಲಿಗೆ ಹೊಡೆದರೆ ಗುಂಡು ತಿರುಗಿ ಬರುತ್ತದೆ. ಕಣ್ಣಿಗೆ ಕನ್ನಡಕ ಇರಲಿ. ಹಕ್ಕಿ, ಕೋತಿಗಳ ಮೇಲೆ ಬೇಡವೇ ಬೇಡ. 1972ರ ವನ್ಯಜೀವಿ ಕಾಯಿದೆ ಇದೆ, ಕಾಯಿದೆಗಿಂತ ಮೊದಲು ಪಾಪ ಇದೆ. ಗುಂಡು ತುಂಬುವಾಗ ಇನ್ನೊಂದು ಕೈಯಿಂದ ನಳಿಗೆಯನ್ನು ಬಲವಾಗಿ ಹಿಡಿದಿರಬೇಕು, ತಪ್ಪಿದರೆ ಬೆರಳು ಹೋಗುತ್ತದೆ. ಗುಂಡಿಲ್ಲದೆ ಖಾಲಿ ಹೊಡೆಯಬಾರದು, ಸ್ಪ್ರಿಂಗು ಎಳೆದು ಹಾಗೇ ಇಡಬಾರದು, ಎರಡರಿಂದಲೂ ಕೋವಿ ಹಾಳಾಗುತ್ತದೆ. ನಳಿಗೆಗೆ ಎಣ್ಣೆ ಸುರಿಯಬೇಡಿ. ಒಳಗೆ ಎಣ್ಣೆ ಹೊತ್ತಿ ಹೊಗೆ ಬರುತ್ತದೆ, ಗುಂಡಿನ ವೇಗ ಏರುಪೇರಾಗಿ ಗುರಿ ಕೆಡುತ್ತದೆ. ಗುಂಡು ಸೀಸದ್ದು, ಮುಟ್ಟಿದ ಕೈ ಸೋಪು ಹಾಕಿ ತೊಳೆಯದೆ ಅಡಿಗೆ ಮನೆಗೆ ಬರಕೂಡದು. ನಮ್ಮ ಮನೆಯಲ್ಲಿ ಇದಕ್ಕೆ ದೊಡ್ಡಪ್ಪನಿಗೂ ರಿಯಾಯಿತಿ ಇಲ್ಲ.

ಕೋವಿ ಇಲ್ಲದವರಿಗೆ ಒಂದೇ ಮಾತು. ಮಗು ಲೆಕ್ಕದಲ್ಲಿ ತಪ್ಪಿದರೆ, ಸೊಸೆಯ ದೋಸೆ ಹರಿದರೆ, ಮಗಳ ಹೊಲಿಗೆ ಸೊಟ್ಟಗಾದರೆ, ಬಾಯಿ ತೆರೆಯುವ ಮೊದಲು ಕಾವಲಿ ಹದವಾಗಿದೆಯೋ, ಸೂಜಿ ಸವೆದಿದೆಯೋ, ಹುಡುಗನಿಗೆ ಬೋರ್ಡು ಕಾಣುತ್ತಿದೆಯೋ ಎಂದು ಒಂದೊಂದಾಗಿ ನೋಡಿ. ಒಂದು ಹಾಳೆಯಲ್ಲಿ ಬರೆದಿಡಿ. ಎಲ್ಲ ನೋಡಿದ ಮೇಲೂ ತಪ್ಪು ಅವರದೇ ಎಂದು ಕಂಡರೆ ಆಗ ಹೇಳಿ, ಬೇಡ ಅನ್ನುವುದಿಲ್ಲ. ಆದರೆ ಸ್ಕ್ರೂ ನೋಡದೆ ಹುಡುಗಿಯನ್ನು ತಿರುಪಬೇಡಿ.